ವಿದೇಶದ ಪದವಿ, ವಿದ್ಯಾರ್ಥಿವೇತನ ಮತ್ತು ನಮ್ಮ ಮನೆಯ ಲೆಕ್ಕ

(ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ನಾನು ಭಾಷಣ ಮಾಡಿ ಅಭ್ಯಾಸ ಇರುವವಳಲ್ಲ. ಪುಣೆಗೆ ಬಂದು ಹನ್ನೆರಡು ವರ್ಷವಾಯಿತು, ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸ. ಸಂಘದ ದಸರಾ ಕಾರ್ಯಕ್ರಮದಲ್ಲಿ ಊಟದ ಕೂಪನ್ ಹಂಚುವುದು ಬಿಟ್ಟರೆ ಈ ಮೈಕಿನ ಹತ್ತಿರ ಬಂದದ್ದು ಇದೇ ಮೊದಲು. ಕಳೆದ ತಿಂಗಳು ಕಾರ್ಯದರ್ಶಿಯವರು ಫೋನ್ ಮಾಡಿ, "ಮಕ್ಕಳು ಪಿಯುಸಿ ಆದಮೇಲೆ ವಿದೇಶದಲ್ಲಿ ಡಿಗ್ರಿ ಓದೋದಕ್ಕೆ ಸ್ಕಾಲರ್‌ಶಿಪ್ ಸಿಗುತ್ತಂತಲ್ಲ, ಅದರ ಬಗ್ಗೆ ನೀವೇ ಮಾತಾಡಿ, ಎಲ್ಲರೂ ನಿಮ್ಮನ್ನೇ ಕೇಳ್ತಾರೆ" ಅಂದರು. ಎಲ್ಲರೂ ನನ್ನನ್ನೇ ಕೇಳುವುದು ನಿಜ. ಆದರೆ ನಾನು ವಿದೇಶದಲ್ಲಿ ಓದಿದವಳಲ್ಲ. ಬಿ.ಇ. ದಾವಣಗೆರೆಯಲ್ಲಿ, ಎಂ.ಟೆಕ್. ಬೆಂಗಳೂರಿನಲ್ಲಿ. ಹಾಗಿದ್ದೂ ಈ ವಿಷಯದ ಹಿಂದೆ ಯಾಕೆ ಬಿದ್ದೆ ಅನ್ನುವುದಕ್ಕೆ ಎರಡು ಮನೆಗಳ ಕಥೆ ಹೇಳಬೇಕು. ಒಂದು ನಮ್ಮದೇ ಮನೆ. ಇನ್ನೊಂದು, ನನಗೆ ಬಹಳ ಬೇಕಾದ ಒಬ್ಬ ಗೆಳತಿಯ ಮನೆ. ಅವಳು ಹೆಸರು ಹೇಳಬೇಡ ಅಂದಿದ್ದಾಳೆ, ಹೇಳುವುದಿಲ್ಲ.

ಮೊದಲು ನಮ್ಮ ಮನೆ. ನಾನು ದ್ವಿತೀಯ ಪಿಯುಸಿಯಲ್ಲಿದ್ದಾಗ ನಮ್ಮ ಫಿಸಿಕ್ಸ್ ಮೇಷ್ಟ್ರು ಒಂದು ಪತ್ರಿಕೆಯ ತುಣುಕು ಕತ್ತರಿಸಿ ತಂದುಕೊಟ್ಟರು. ಜಪಾನ್ ಸರ್ಕಾರ ಭಾರತದ ವಿದ್ಯಾರ್ಥಿಗಳಿಗೆ ಅಲ್ಲಿ ಪದವಿ ಓದಲು ವಿದ್ಯಾರ್ಥಿವೇತನ ಕೊಡುತ್ತದೆ, ಅರ್ಜಿ ಹಾಕಿ ಅನ್ನುವ ಪ್ರಕಟಣೆ. "ನಿನಗೆ ಗಣಿತ ಚೆನ್ನಾಗಿದೆ, ಅಪ್ಪನಿಗೆ ತೋರಿಸು" ಅಂದರು. ನಮ್ಮಪ್ಪ ರಾಣೆಬೆನ್ನೂರಿನಲ್ಲಿ ಒಂದು ಸಹಕಾರ ಸಂಘದ ಗುಮಾಸ್ತರು. ತುಣುಕನ್ನು ಎರಡು ಸಲ ಓದಿದರು, ಮಡಚಿ ಪಂಚಾಂಗದೊಳಗೆ ಇಟ್ಟರು. ಅಜ್ಜಿ "ಹೆಣ್ಣು ಹುಡುಗಿ, ಅಷ್ಟು ದೂರ?" ಅಂದಳು. ಅಪ್ಪ ಹ್ಞೂಂ ಅನ್ನಲಿಲ್ಲ, ಉಹ್ಞೂಂ ಅನ್ನಲಿಲ್ಲ. ನಾನೂ ಮತ್ತೆ ಕೇಳಲಿಲ್ಲ. ಸಿಇಟಿ ಬಂತು, ಬಿ.ಇ. ಸೇರಿದೆ, ಆ ಮಾತು ಮುಗಿಯಿತು.

ಎಷ್ಟೋ ವರ್ಷದ ಮೇಲೆ ಹಬ್ಬಕ್ಕೆ ಊರಿಗೆ ಹೋದಾಗ ಊಟಕ್ಕೆ ಕೂತು ಅಪ್ಪನನ್ನು ಕೇಳಿದೆ, "ಅವತ್ತು ಯಾಕೆ ವಿಚಾರಿಸಲಿಲ್ಲ?" ಅಜ್ಜಿಯ ಮಾತಿಗೆ ಕಟ್ಟುಬಿದ್ದರು ಎಂದೇ ನಾನು ಅಂದುಕೊಂಡಿದ್ದೆ. ಅಪ್ಪ ಹೇಳಿದ್ದು ಬೇರೆ. "ವಿಚಾರಿಸಿದರೆ ಖರ್ಚು ಎಷ್ಟು ಅಂತ ಹೇಳ್ತಾರೆ. ಆಮೇಲೆ ನಿನ್ನ ಮುಖ ನೋಡಿ ನನ್ನ ಕೈಲಿ ಆಗಲ್ಲ ಅನ್ನಬೇಕಾಗುತ್ತೆ. ಅದಕ್ಕೇ ಕೇಳಲಿಲ್ಲ."

ಆ ವಿದ್ಯಾರ್ಥಿವೇತನಕ್ಕೆ ಮನೆಯವರು ಶುಲ್ಕ ಅಂತ ಒಂದು ರೂಪಾಯಿಯನ್ನೂ ಕಟ್ಟಬೇಕಾಗಿರಲಿಲ್ಲ. ಓದಿನ ಖರ್ಚು ಅವರದು, ವಿಮಾನದ ಟಿಕೆಟ್ ಅವರದು, ತಿಂಗಳ ಊಟ ವಸತಿಗೂ ಅವರೇ ಹಣ ಕೊಡುತ್ತಾರೆ. ನಮ್ಮಪ್ಪ ಹೆದರಿದ್ದು ಇಲ್ಲದ ಖರ್ಚಿಗೆ. ನಾನು ಆ ಪರೀಕ್ಷೆ ಪಾಸಾಗಿಬಿಡುತ್ತಿದ್ದೆ ಅಂತ ಹೇಳುತ್ತಿಲ್ಲ. ಬಹುಶಃ ಆಗುತ್ತಿರಲಿಲ್ಲ. ಆದರೆ ಬರೆದು ಫೇಲಾಗುವುದು ಬೇರೆ, ಬರೆಯದೇ ಇರುವುದು ಬೇರೆ.

ಈಗ ಗೆಳತಿಯ ಮನೆ. ಅಲ್ಲಿ ಆದದ್ದು ಇದರ ತಿರುಗುಮುರುಗು. ಅವಳ ಮಗಳು ಹನ್ನೆರಡನೇ ತರಗತಿ ಮುಗಿಸಿದಳು. ಒಬ್ಬ ಏಜೆಂಟರ ಮೂಲಕ ವಿದೇಶದ ಒಂದು ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದರು. ಪ್ರವೇಶಪತ್ರ ಬಂತು, ಅದರ ಜೊತೆಗೆ "ನಿಮಗೆ 40 ಶೇಕಡ ಸ್ಕಾಲರ್‌ಶಿಪ್ ಮಂಜೂರಾಗಿದೆ" ಅನ್ನುವ ಅಭಿನಂದನೆಯ ಕಾಗದ. ಮನೆಯಲ್ಲಿ ಸಂಭ್ರಮವೋ ಸಂಭ್ರಮ. ನಮಗೆಲ್ಲ ಪೇಢೆ ಬಂತು. ವಾಟ್ಸಾಪ್ ಗುಂಪಿನಲ್ಲಿ ಅಭಿನಂದನೆಯ ಮಳೆ, ನಾನೂ ಹೂಗುಚ್ಛದ ಚಿತ್ರ ಹಾಕಿದೆ. ಒಂದು ತಿಂಗಳಾದಮೇಲೆ ಗೆಳತಿ ನಮ್ಮ ಮನೆಗೆ ಬಂದು ಸೋಫಾದ ಮೇಲೆ ಕೂತು ಅತ್ತಳು. ಇಬ್ಬರೂ ಕಾಗದ ಪೆನ್ನು ಹಿಡಿದು ಲೆಕ್ಕ ಮಾಡಿದೆವು. ಬೋಧನಾ ಶುಲ್ಕ ವರ್ಷಕ್ಕೆ 30 ಲಕ್ಷ. ಅದರಲ್ಲಿ 40 ಶೇಕಡ ಹೋದರೆ ಉಳಿದದ್ದು 18 ಲಕ್ಷ. ಹಾಸ್ಟೆಲ್, ಊಟ, ವಿಮೆ, ಪುಸ್ತಕ ಸೇರಿ ಇನ್ನೂ 12 ಲಕ್ಷ. ಅಲ್ಲಿಗೆ ಮತ್ತೆ 30 ಲಕ್ಷಕ್ಕೇ ಬಂದು ನಿಂತೆವು. ನಾಲ್ಕು ವರ್ಷಕ್ಕೆ ಒಂದು ಕೋಟಿ 20 ಲಕ್ಷ, ಶುಲ್ಕ ಏರದಿದ್ದರೆ. ಎರಡನೇ ಪುಟದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ, ಅಂಕಗಳ ಸರಾಸರಿ ಇಷ್ಟಕ್ಕಿಂತ ಕೆಳಗಿಳಿದರೆ ರಿಯಾಯಿತಿ ರದ್ದು ಅಂತ ಬೇರೆ ಇತ್ತು. ಅಷ್ಟರಲ್ಲಿ ಅವರು ಮುಂಗಡ ಕಟ್ಟಿಯಾಗಿತ್ತು, ಗಂಡ ಮನೆ ಅಡವಿಡಲು ಬ್ಯಾಂಕಿಗೆ ಓಡಾಡುತ್ತಿದ್ದರು.

ಅವಳ ಮಗಳೇ ಕೊನೆಗೆ "ಬೇಡಮ್ಮ" ಅಂದಳು. ಈಗ ಇಲ್ಲೇ ಪುಣೆಯಲ್ಲಿ ಓದುತ್ತಿದ್ದಾಳೆ, ಚೆನ್ನಾಗಿದ್ದಾಳೆ. ಕಟ್ಟಿದ ಮುಂಗಡ ಮಾತ್ರ ಪೂರ್ತಿ ವಾಪಸು ಬರಲಿಲ್ಲ.

ಒಂದು ಮನೆಯವರು ಕಾಗದ ನೋಡದೆ ಬೇಡ ಅಂದರು, ಇನ್ನೊಂದು ಮನೆಯವರು ಕಾಗದ ನೋಡದೆ ಹೌದು ಅಂದರು. ಇವತ್ತು ನಾನು ಹೇಳಬೇಕಾದದ್ದು ಇಷ್ಟೇ. ಹೌದು ಅನ್ನಿ, ಬೇಡ ಅನ್ನಿ, ಅದು ನಿಮ್ಮ ಮನೆಯ ವಿಚಾರ. ಆದರೆ ನೋಡಿ ಹೇಳಿ.

ಈ ವಿದ್ಯಾರ್ಥಿವೇತನ ಅನ್ನುವುದು ಇತ್ತೀಚಿನ ಫ್ಯಾಷನ್ ಅಂತ ಕೆಲವರು ತಿಳಿದಿದ್ದಾರೆ. ಹಾಗಲ್ಲ. ಪುಣೆಯಲ್ಲಿ ನಿಂತು ಆನಂದಿಬಾಯಿ ಜೋಶಿಯವರ ಹೆಸರು ಹೇಳದೆ ಈ ಮಾತು ಆಡುವ ಹಾಗಿಲ್ಲ. 1883ರಲ್ಲಿ, ಹದಿನೆಂಟನೇ ವಯಸ್ಸಿಗೆ ಹಡಗು ಹತ್ತಿ ಅಮೆರಿಕಕ್ಕೆ ಹೋಗಿ, 1886ರಲ್ಲಿ ಪೆನ್ಸಿಲ್ವೇನಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಿಂದ ಡಾಕ್ಟರ್ ಆದವರು. ಅವರ ಕಥೆ ಇಲ್ಲಿ ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ ಇನ್ನೊಂದು ಕಥೆ ಇದೆ, ಅದನ್ನು ಹೇಳುತ್ತೇನೆ.

ಅಮೆರಿಕದ ಡೆಟ್ರಾಯಿಟ್‌ನಲ್ಲಿ ಲೀವೈ ಬಾರ್ಬರ್ ಅಂತ ಒಬ್ಬ ವಕೀಲರಿದ್ದರು. ಮಿಶಿಗನ್ ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿ, ಮುಂದೆ ಅದರ ಆಡಳಿತ ಮಂಡಳಿಯಲ್ಲೂ ಇದ್ದವರು. ಏಷ್ಯಾ ಪ್ರವಾಸ ಬಂದಾಗ ಅವರು ಕಂಡದ್ದು, ತಮ್ಮದೇ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದಿ ತಮ್ಮ ನಾಡಿಗೆ ಮರಳಿ ಕೆಲಸ ಮಾಡುತ್ತಿದ್ದ ಏಷ್ಯಾದ ಹೆಣ್ಣುಮಕ್ಕಳನ್ನು. ಒಬ್ಬ ಹೆಣ್ಣುಮಗಳು ಓದಿದ್ದರಿಂದ ಎಷ್ಟು ಜನಕ್ಕೆ ಉಪಯೋಗವಾಗಿದೆ ಅನ್ನುವುದು ಅವರ ಮನಸ್ಸಿಗೆ ನಾಟಿತು. 1917ರಲ್ಲಿ ಏಷ್ಯಾದ ಮಹಿಳೆಯರಿಗಾಗಿಯೇ ಬಾರ್ಬರ್ ವಿದ್ಯಾರ್ಥಿವೇತನ ಶುರುವಾಯಿತು. ಆಗ ನಮ್ಮಲ್ಲಿ ಹೆಣ್ಣುಮಕ್ಕಳು ಹೈಸ್ಕೂಲು ಮುಗಿಸುವುದೇ ಅಪರೂಪ.

ತಲಶ್ಶೇರಿಯ ಜಾನಕಿ ಅಮ್ಮಾಳ್ ಆ ವಿದ್ಯಾರ್ಥಿವೇತನದ ಮೇಲೆ ಮಿಶಿಗನ್‌ಗೆ ಹೋಗಿ ಸಸ್ಯಶಾಸ್ತ್ರ ಓದಿದರು, 1931ರಲ್ಲಿ ಡಾಕ್ಟರೇಟ್ ಪಡೆದರು. ಮುಂದೆ ಕೊಯಮತ್ತೂರಿನಲ್ಲಿ ಕಬ್ಬಿನ ತಳಿಗಳ ಮೇಲೆ ಕೆಲಸ ಮಾಡಿದ ಹೆಸರಾಂತ ವಿಜ್ಞಾನಿ ಅವರೇ.

ಅದೇ ದಾರಿಯಲ್ಲಿ ಹೋದ ಇನ್ನೊಬ್ಬರು ನಮ್ಮವರು, ರಾಜೇಶ್ವರಿ ಚಟರ್ಜಿ. ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಎಂದು ಅವರನ್ನು ಗುರುತಿಸುತ್ತಾರೆ. ನನ್ನ ಎಂ.ಟೆಕ್. ಕಮ್ಯುನಿಕೇಶನ್ ವಿಷಯದಲ್ಲಿ. ಮೈಕ್ರೋವೇವ್, ಆಂಟೆನಾ ಓದುವಾಗ ಅವರ ಹೆಸರು ಮೊದಲು ಕಂಡೆ. ಚಟರ್ಜಿ ಅಂದಾಗ ಬಂಗಾಳದವರು ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, 1922ರಲ್ಲಿ ಹುಟ್ಟಿದ ಅಚ್ಚ ಮೈಸೂರು ಸೀಮೆಯ ಹೆಣ್ಣುಮಗಳು ಅಂತ. ಅವರ ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸಂಸ್ಥಾನದಲ್ಲಿ ಪದವಿ ಪಡೆದ ಮೊದಮೊದಲ ಮಹಿಳೆಯರಲ್ಲಿ ಒಬ್ಬರು. ವಿಧವೆಯರ, ಗಂಡ ಬಿಟ್ಟ ಹೆಣ್ಣುಮಕ್ಕಳ ಓದಿಗಾಗಿ ದುಡಿದವರು. ಮೊಮ್ಮಗಳು ಓದಿದ್ದೂ ಅಜ್ಜಿ ಕಟ್ಟಿದ ಮಹಿಳಾ ಸೇವಾ ಸಮಾಜದ ಶಾಲೆಯಲ್ಲಿ.

ರಾಜೇಶ್ವರಿಯವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತದಲ್ಲಿ ಎಂ.ಎಸ್ಸಿ. ಮಾಡಿ, 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಸಂಶೋಧನಾ ವಿದ್ಯಾರ್ಥಿನಿಯಾಗಿ ಸೇರಿದರು. 1946ರಲ್ಲಿ ಸರ್ಕಾರದ ವಿದ್ಯಾರ್ಥಿವೇತನಕ್ಕೆ ಆಯ್ಕೆಯಾದರು. 1947ರಲ್ಲಿ, ಇನ್ನೂ ಇಪ್ಪತ್ತೈದರ ಅವಿವಾಹಿತ ಹುಡುಗಿ, ಸುಮಾರು ಒಂದು ತಿಂಗಳು ಹಡಗಿನಲ್ಲಿ ಪ್ರಯಾಣ ಮಾಡಿ ಅಮೆರಿಕ ತಲುಪಿದರು. ಮಿಶಿಗನ್‌ನಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್‌ನಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದರು. ಮುಂದೆ ಪಿಎಚ್.ಡಿ.ಗೆ ಆಸರೆಯಾದದ್ದು ಅದೇ ಬಾರ್ಬರ್ ವಿದ್ಯಾರ್ಥಿವೇತನ. 1953ರಲ್ಲಿ ಬೆಂಗಳೂರಿಗೆ ಮರಳಿ, ಅದೇ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕಿಯಾದರು. ಪತಿ ಶಿಶಿರ್ ಕುಮಾರ್ ಚಟರ್ಜಿಯವರ ಜೊತೆ ಸೇರಿ ಮೈಕ್ರೋವೇವ್ ಸಂಶೋಧನೆಯನ್ನು ಅಲ್ಲಿ ಬೆಳೆಸಿದರು. ಇಪ್ಪತ್ತು ಜನ ಅವರ ಕೈಕೆಳಗೆ ಪಿಎಚ್.ಡಿ. ಮಾಡಿದರು.

ಈ ಕಥೆ ಹೇಳಲು ಕಾರಣ ಇದೆ. ಅಲ್ಲಿ ಬಾಗಿಲು ತೆರೆದವರು ಒಬ್ಬ ವಕೀಲರು, ಒಂದು ವಿಶ್ವವಿದ್ಯಾಲಯ. ಆದರೆ ಅದಕ್ಕೆ ಎಷ್ಟೋ ಮೊದಲು ಇಲ್ಲಿ ಬಾಗಿಲು ತೆರೆದಿದ್ದವರು ಒಬ್ಬ ಅಜ್ಜಿ. ನಮ್ಮ ಅಜ್ಜಿ "ಅಷ್ಟು ದೂರ?" ಅಂದದ್ದು ತಪ್ಪು ಅಂತ ನಾನು ಹೇಳುವುದಿಲ್ಲ, ಅವಳು ಕಂಡ ಪ್ರಪಂಚ ಅಷ್ಟು. ಆದರೆ ಇಲ್ಲಿ ಕೂತಿರುವ ನಾವು ಆ ಮಾತು ಹೇಳುವ ಮೊದಲು ಸ್ವಲ್ಪ ಯೋಚಿಸಬೇಕು.

ಬಾರ್ಬರ್ ವಿದ್ಯಾರ್ಥಿವೇತನ ಈಗ ಮಿಶಿಗನ್‌ನಲ್ಲಿ ಉನ್ನತ ಅಧ್ಯಯನ ಮಾಡುವವರಿಗೆ ಮಾತ್ರ, ಪಿಯುಸಿ ಮುಗಿಸಿದವರಿಗಲ್ಲ. ಹಾಗಾದರೆ ಪಿಯುಸಿ ಮುಗಿಸಿದವರಿಗೆ ಏನಿದೆ? ನನಗೆ ಚೆನ್ನಾಗಿ ತಿಳಿದಿರುವ ಕೆಲವನ್ನು ಮಾತ್ರ ಹೇಳುತ್ತೇನೆ.

ಒಂದು, ಅಪ್ಪ ಪಂಚಾಂಗದಲ್ಲಿ ಇಟ್ಟದ್ದೇ, ಜಪಾನಿನ ಶಿಕ್ಷಣ ಸಚಿವಾಲಯದ ವಿದ್ಯಾರ್ಥಿವೇತನ. ಮೆಕ್ಸ್ಟ್ ಅಂತ ಕರೆಯುತ್ತಾರೆ. ಪದವಿಗೆ ಒಟ್ಟು ಐದು ವರ್ಷ. ಮೊದಲ ವರ್ಷ ಜಪಾನಿ ಭಾಷೆ ಮತ್ತು ತಯಾರಿ, ಆಮೇಲೆ ನಾಲ್ಕು ವರ್ಷ ಪದವಿ. ವೈದ್ಯಕೀಯದಂತಹ ಕೋರ್ಸಿಗೆ ಏಳು ವರ್ಷ. ಬೋಧನಾ ಶುಲ್ಕ ಇಲ್ಲ, ಹೋಗಿಬರುವ ವಿಮಾನ ಖರ್ಚು ಅವರದು, ತಿಂಗಳಿಗೆ 1,17,000 ಯೆನ್ ಕೈಗೆ ಕೊಡುತ್ತಾರೆ. ದರ ಏರಿಳಿದರೂ ನಮ್ಮ ಲೆಕ್ಕದಲ್ಲಿ ಅರವತ್ತು ಸಾವಿರ ರೂಪಾಯಿಗೆ ಮೇಲೆ. ಅಲ್ಲಿಯ ದುಬಾರಿ ಊರುಗಳಲ್ಲಿ ಅದು ಐಷಾರಾಮಕ್ಕೆ ಸಾಲದು, ಹಿಡಿತದಲ್ಲಿ ಬದುಕಿದರೆ ಸಾಕು. ವಾಪಸು ಕೊಡಬೇಕಾಗಿಲ್ಲ. ಇದಕ್ಕೆ ಏಜೆಂಟ್ ಬೇಡವೇ ಬೇಡ, ಭಾರತದಲ್ಲಿರುವ ಜಪಾನ್ ರಾಯಭಾರ ಕಚೇರಿಯ ಮೂಲಕವೇ ಅರ್ಜಿ. ಲಿಖಿತ ಪರೀಕ್ಷೆ ಇರುತ್ತದೆ. ವಿಜ್ಞಾನದವರಿಗೆ ಗಣಿತ, ರಸಾಯನಶಾಸ್ತ್ರ, ಜೊತೆಗೆ ಭೌತಶಾಸ್ತ್ರ ಅಥವಾ ಜೀವಶಾಸ್ತ್ರ. ಇಂಗ್ಲಿಷ್ ಮತ್ತು ಜಪಾನಿ ಭಾಷೆಯ ಪತ್ರಿಕೆಗಳು ಎಲ್ಲರಿಗೂ. ಕಲೆ, ವಾಣಿಜ್ಯದವರಿಗೂ ವಿಭಾಗ ಇದೆ, ಇಂಜಿನಿಯರಿಂಗ್ ಒಂದೇ ಅಲ್ಲ. ನಂತರ ಸಂದರ್ಶನ. ಸ್ಪರ್ಧೆ ಬಹಳ ಬಿಗಿ, ಸೀಟು ಕಡಿಮೆ. ಓದುವುದು ಜಪಾನಿ ಭಾಷೆಯಲ್ಲಿ ಅನ್ನುವುದು ಮರೆಯಬಾರದು.

ಎರಡು, ಅದೇ ರೀತಿ ದಕ್ಷಿಣ ಕೊರಿಯಾ ಸರ್ಕಾರದ ಗ್ಲೋಬಲ್ ಕೊರಿಯಾ ಸ್ಕಾಲರ್‌ಶಿಪ್. ಒಂದು ವರ್ಷ ಕೊರಿಯನ್ ಭಾಷೆ, ಆಮೇಲೆ ನಾಲ್ಕು ವರ್ಷದ ಪದವಿ. ಶುಲ್ಕ, ಪ್ರಯಾಣ, ತಿಂಗಳ ಖರ್ಚು ಎಲ್ಲ ಸೇರಿದೆ. ಆ ಒಂದು ವರ್ಷದಲ್ಲಿ ಭಾಷಾ ಪರೀಕ್ಷೆಯಲ್ಲಿ ಮೂರನೇ ಹಂತ ದಾಟಬೇಕು, ದಾಟದಿದ್ದರೆ ಪದವಿಗೆ ಪ್ರವೇಶ ಇಲ್ಲ. ನಮ್ಮ ಹೆಣ್ಣುಮಕ್ಕಳು ಕೊರಿಯನ್ ಧಾರಾವಾಹಿ ನೋಡಿ ನೋಡಿ ಅರ್ಧ ಭಾಷೆ ಕಲಿತೇಬಿಟ್ಟಿದ್ದಾರೆ. ಬೈಯುವ ಬದಲು ಈ ಕಡೆ ತಿರುಗಿಸಬಹುದು. (ಹಿಂದಿನ ಸಾಲಿನವರು ಈಗ ತಲೆ ಎತ್ತಿದರು ನೋಡಿ!)

ಮೂರು, ನನಗೆ ಮನಸ್ಸಿಗೆ ಹತ್ತಿರವಾದದ್ದು, ಬಾಂಗ್ಲಾದೇಶದ ಚಟ್ಟಗ್ರಾಮದಲ್ಲಿರುವ ಏಷ್ಯನ್ ಯೂನಿವರ್ಸಿಟಿ ಫಾರ್ ವಿಮೆನ್. ಹೆಣ್ಣುಮಕ್ಕಳಿಗೆ ಮಾತ್ರ. 2008ರಲ್ಲಿ ಶುರುವಾಯಿತು. ಏಷ್ಯಾದ ಅನೇಕ ದೇಶಗಳ ಹುಡುಗಿಯರು ಒಂದೇ ಹಾಸ್ಟೆಲಿನಲ್ಲಿದ್ದು ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಾರೆ. ಬಹುಪಾಲು ವಿದ್ಯಾರ್ಥಿನಿಯರಿಗೆ ಪೂರ್ತಿ ಅಥವಾ ಹೆಚ್ಚುಕಡಿಮೆ ಪೂರ್ತಿ ವಿದ್ಯಾರ್ಥಿವೇತನ. ತಯಾರಿ ಸಾಲದವರಿಗೆ ಪದವಿಗೆ ಮುಂಚೆ ಒಂದು ವರ್ಷ ಬುನಾದಿ ಗಟ್ಟಿ ಮಾಡುತ್ತಾರೆ. 2016ರಿಂದ ಅಲ್ಲಿ ಇನ್ನೊಂದು ಕೆಲಸ ಶುರು ಮಾಡಿದರು. ಗಾರ್ಮೆಂಟ್ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಹುಡುಗಿಯರನ್ನು ಪರೀಕ್ಷೆ ಮಾಡಿ ಆರಿಸಿ ಪದವಿಗೆ ಕರೆತಂದರು. ಓದುವಾಗಲೂ ಅವರ ಸಂಬಳ ನಿಲ್ಲದ ಹಾಗೆ ಕಾರ್ಖಾನೆಗಳ ಜೊತೆ ಏರ್ಪಾಡು ಮಾಡಿಕೊಂಡರು. ಆ ಸಂಬಳ ನಿಂತರೆ ಊರಲ್ಲಿ ಅಪ್ಪ ಅಮ್ಮ ತಮ್ಮಂದಿರ ಊಟ ನಿಲ್ಲುತ್ತದೆ, ಹುಡುಗಿಯನ್ನು ಓದಲು ಬಿಡುವುದೇ ಇಲ್ಲ ಅನ್ನುವುದು ಗೊತ್ತಿದ್ದವರು ಮಾಡಿದ ಯೋಜನೆ ಇದು. ಬೊಮ್ಮನಹಳ್ಳಿ, ಪೀಣ್ಯದ ಗಾರ್ಮೆಂಟ್ ಬಸ್ಸುಗಳಲ್ಲಿ ಬೆಳಿಗ್ಗೆ ತುಂಬಿ ಹೋಗುವ ನಮ್ಮ ಹುಡುಗಿಯರ ಮುಖ ನೆನಪಾಗುತ್ತದೆ.

ನಾಲ್ಕು, ಅಮೆರಿಕ. ಅಲ್ಲಿಯ ದೊಡ್ಡ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಎಲ್ಲ ಸೇರಿ ವರ್ಷದ ಖರ್ಚು 80,000 ಡಾಲರ್ ದಾಟಿದೆ. ಕೇಳಿದ ಕೂಡಲೇ ಪಂಚಾಂಗದೊಳಗೆ ಮಡಚಿಡಬೇಕು ಅನಿಸುತ್ತದೆ. ಆದರೆ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್ ಮುಂತಾದ ಕೆಲವೇ ಕಡೆ, ವಿದೇಶಿ ವಿದ್ಯಾರ್ಥಿಗಳ ವಿಷಯದಲ್ಲೂ ಮನೆಯ ಆದಾಯ ನೋಡದೆ ಪ್ರವೇಶ ಕೊಡುತ್ತಾರೆ. ಪ್ರವೇಶ ಸಿಕ್ಕಮೇಲೆ ಆದಾಯ ನೋಡಿ, ಮನೆಯವರಿಂದ ಎಷ್ಟು ಸಾಧ್ಯವಿಲ್ಲವೋ ಅಷ್ಟನ್ನು ಅವರೇ ತುಂಬುತ್ತಾರೆ. ಅಲ್ಲಿ ಬಡತನಕ್ಕೆ ಪ್ರವೇಶ ತಪ್ಪುವುದಿಲ್ಲ, ಆದರೆ ಪ್ರವೇಶವೇ ಬಹಳ ಕಷ್ಟ. ಇನ್ನು ಹಲವು ಕಡೆ ಸಹಾಯ ಕೇಳಿದರೆ ಆಯ್ಕೆಯ ಸಂಭವವೇ ಕಡಿಮೆಯಾಗುತ್ತದೆ. ಎರಡಕ್ಕೂ ಬೇರೆ ಬೇರೆ ಹೆಸರಿದೆ, ಅರ್ಜಿಗೆ ಮುಂಚೆ ಅದು ಯಾವ ಜಾತಿಯ ವಿಶ್ವವಿದ್ಯಾಲಯ ಅಂತ ನೋಡಬೇಕು. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಭಾರತೀಯ ಪದವಿ ವಿದ್ಯಾರ್ಥಿಗಳಿಗೆಂದೇ ಟಾಟಾ ವಿದ್ಯಾರ್ಥಿವೇತನ ಇದೆ. 2008ರಲ್ಲಿ ಟಾಟಾ ಟ್ರಸ್ಟ್ ಕೊಟ್ಟ 2.5 ಕೋಟಿ ಡಾಲರ್ ನಿಧಿಯಿಂದ ನಡೆಯುತ್ತಿದೆ, ಹಣದ ಅಗತ್ಯ ಇರುವವರಿಗೆ ಮಾತ್ರ.

ಇಷ್ಟು ಪಟ್ಟಿ ಸಾಕು. ಇದಕ್ಕಿಂತ ಮುಖ್ಯ, ಯಾವ ಕಾಗದ ಬಂದರೂ ಕೇಳಬೇಕಾದ ಪ್ರಶ್ನೆಗಳು. ಗೆಳತಿಯ ಮನೆಯ ಪ್ರಕರಣ ಆದಮೇಲೆ ಇವನ್ನು ಬರೆದಿಟ್ಟುಕೊಂಡಿದ್ದೇನೆ.

ಮೊದಲ ಪ್ರಶ್ನೆ, ಎಷ್ಟು ಕೊಡುತ್ತಾರೆ ಅಂತಲ್ಲ, ಕೊಟ್ಟಮೇಲೆ ಎಷ್ಟು ಉಳಿಯುತ್ತದೆ? ಶೇಕಡ 40, 60 ಅನ್ನುವುದು ಬರೀ ಬೋಧನಾ ಶುಲ್ಕದ ಮೇಲೋ, ಒಟ್ಟು ಖರ್ಚಿನ ಮೇಲೋ? ನಾವು ಸೀರೆ ಅಂಗಡಿಯಲ್ಲಿ ಐವತ್ತು ಶೇಕಡ ರಿಯಾಯಿತಿ ಬೋರ್ಡು ನೋಡಿ ಮೊದಲು ಮೂಲ ಬೆಲೆ ತಿರುಗಿಸಿ ನೋಡುತ್ತೇವೆ ತಾನೆ? ಇಲ್ಲಿಯೂ ಅದೇ ಜಾಣತನ ಬೇಕು. ಉಳಿದ ಮೊತ್ತವನ್ನು ನಾಲ್ಕರಿಂದ ಗುಣಿಸಿ, ದೊಡ್ಡದಾಗಿ ಬರೆದು ಊಟದ ಮೇಜಿನ ಮೇಲಿಡಿ. ಆ ಅಂಕಿಯನ್ನು ಮಗುವೂ ನೋಡಲಿ.

ಎರಡನೆಯದು, "ಏಷ್ಯಾದ ವಿದ್ಯಾರ್ಥಿಗಳಿಗೆ" ಅಂದರೆ ಯಾವ ಏಷ್ಯಾ? ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಫ್ರೀಮನ್ ಏಷ್ಯನ್ ಸ್ಕಾಲರ್ಸ್ ಅನ್ನುವ ಒಳ್ಳೆಯ ಯೋಜನೆ ಇದೆ, ನಾಲ್ಕು ವರ್ಷದ ಬೋಧನಾ ಶುಲ್ಕ ಪೂರ್ತಿ. ಹೆಸರು ಕೇಳಿ ನಾನೂ ಖುಷಿಪಟ್ಟಿದ್ದೆ. ಪಟ್ಟಿ ನೋಡಿದರೆ ಚೀನಾ, ಜಪಾನ್, ಕೊರಿಯಾ, ಥಾಯ್ಲೆಂಡ್, ವಿಯೆಟ್ನಾಂ ಹೀಗೆ 11 ಪ್ರದೇಶಗಳು, ಭಾರತ ಅದರಲ್ಲಿ ಇಲ್ಲ. ಸಿಂಗಪುರದ ಆಸಿಯಾನ್ ವಿದ್ಯಾರ್ಥಿವೇತನವೂ ಹಾಗೆಯೇ, ಆಸಿಯಾನ್ ದೇಶಗಳವರಿಗೆ ಮಾತ್ರ. ಅರ್ಜಿ ತುಂಬಿಸಲು ಏಜೆಂಟರು ಇದನ್ನು ಹೇಳದೆ ಇರಬಹುದು.

ಮೂರನೆಯದು, ಇದು ಕೊಡುಗೆಯೋ, ಸಾಲವೋ, ಕರಾರೋ? ಸ್ಕಾಲರ್‌ಶಿಪ್ ಅನ್ನುವ ಒಂದೇ ಪದ ಮೂರಕ್ಕೂ ಬಳಕೆಯಲ್ಲಿದೆ. 1892ರಿಂದ ನಡೆದುಬಂದಿರುವ ಜೆ. ಎನ್. ಟಾಟಾ ಎಂಡೋಮೆಂಟ್ ಬಹಳ ಗೌರವದ ಸಂಸ್ಥೆ. ಆದರೆ ಅದು ಕೊಡುವುದು ಸಾಲ ರೂಪದ ವಿದ್ಯಾರ್ಥಿವೇತನ, ಅದೂ ಪದವಿ ಮುಗಿಸಿದವರಿಗೆ. ಅವರು ಅದನ್ನು ಮುಚ್ಚಿಡುವುದಿಲ್ಲ, ನಾವು ಓದದೆ ಇದ್ದರೆ ತಪ್ಪು ನಮ್ಮದು. ಸಿಂಗಪುರದ ವಿಶ್ವವಿದ್ಯಾಲಯಗಳಲ್ಲಿ ವಿದೇಶಿಯರಿಗೆ ಶುಲ್ಕದಲ್ಲಿ ಸರ್ಕಾರದ ದೊಡ್ಡ ಸಹಾಯ ಸಿಗುತ್ತದೆ, ಪ್ರತಿಯಾಗಿ ಪದವಿ ಮುಗಿದಮೇಲೆ ಮೂರು ವರ್ಷ ಸಿಂಗಪುರದ ಸಂಸ್ಥೆಯಲ್ಲಿ ಕೆಲಸ ಮಾಡುವ ಕರಾರಿಗೆ ಸಹಿ ಹಾಕಬೇಕು. ಕೆಲವರಿಗೆ ಅದೇ ವರ, ಕೆಲಸದ ಅನುಭವ ಸಿಗುತ್ತದೆ. ಆದರೆ ಹದಿನೆಂಟರ ಮಗು ಇಪ್ಪತ್ತೈದರವರೆಗಿನ ಮಾತಿಗೆ ಸಹಿ ಹಾಕುತ್ತಿದೆ ಅನ್ನುವುದು ಮನೆಯವರಿಗೆ ಗೊತ್ತಿರಬೇಕು.

ನಾಲ್ಕನೆಯದು, ಮುಂದಿನ ವರ್ಷವೂ ಸಿಗುವುದಕ್ಕೆ ಏನು ಷರತ್ತು? ಎಷ್ಟು ಅಂಕ? ಹೊಸ ದೇಶ, ಹೊಸ ಭಾಷೆ, ಮೊದಲ ವರ್ಷ ಮಕ್ಕಳು ಎಡವುವುದು ಸಹಜ. ಎಡವಿದರೆ ಎರಡನೇ ಅವಕಾಶ ಇದೆಯೋ ಇಲ್ಲವೋ ಕೇಳಿ.

ಐದನೆಯದು, ಆ ಪದವಿಗೆ ಭಾರತದಲ್ಲಿ ಮಾನ್ಯತೆ ಇದೆಯೇ? ವೈದ್ಯಕೀಯ, ಕಾನೂನು ಓದುವವರು ಇದನ್ನು ಎರಡು ಸಲ ಕೇಳಬೇಕು. ವಾಪಸು ಬಂದಾಗ ಇಲ್ಲಿ ಬೇರೆ ಪರೀಕ್ಷೆ ಇರುತ್ತದೆ.

ಕೊನೆಯದು ಹಣದ್ದಲ್ಲ. ಮಗುವಿಗೆ ಜ್ವರ ಬಂದರೆ, ಮನಸ್ಸು ಕುಗ್ಗಿದರೆ, ಅಲ್ಲಿ ಯಾರಿಗೆ ಫೋನ್ ಮಾಡಬೇಕು? ವಿದೇಶಿ ವಿದ್ಯಾರ್ಥಿಗಳಿಗೆಂದು ಕಚೇರಿ ಇದೆಯೇ? ಆ ಊರಲ್ಲಿ ಕನ್ನಡ ಕೂಟ ಇದ್ದರೆ ಮೊದಲೇ ಮಾತಾಡಿಸಿಡಿ. ನಾವು ಪುಣೆಗೆ ಬಂದ ಹೊಸದರಲ್ಲಿ ಈ ಸಂಘ ನಮಗೆ ಏನಾಗಿತ್ತು ಅಂತ ನೆನಪು ಮಾಡಿಕೊಳ್ಳಿ.

ಸಮಯದ ಬಗ್ಗೆ ಒಂದು ಮಾತು. ಪಿಯುಸಿ ಫಲಿತಾಂಶ ಬಂದಮೇಲೆ ಹುಡುಕಲು ಹೊರಟರೆ ತಡವಾಯಿತು. ಅಮೆರಿಕದ ಅರ್ಜಿಗಳು ಹನ್ನೆರಡನೇ ತರಗತಿಯ ನವೆಂಬರ್–ಜನವರಿ ಹೊತ್ತಿಗೇ ಹೋಗಬೇಕು. ಜಪಾನಿ, ಕೊರಿಯನ್ ಭಾಷೆಯ ಮೊದಲ ಪಾಠ ಹತ್ತನೇ ತರಗತಿಯ ರಜೆಯಲ್ಲೇ ಶುರು ಮಾಡಬಹುದು. ನಿಯಮ, ದಿನಾಂಕ, ಮೊತ್ತ ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಇವತ್ತು ನಾನು ಹೇಳಿದ್ದನ್ನೂ ನಂಬಿ ಕೂರಬೇಡಿ, ಆಯಾ ಸರ್ಕಾರದ, ವಿಶ್ವವಿದ್ಯಾಲಯದ ಅಧಿಕೃತ ಪ್ರಕಟಣೆಯನ್ನೇ ಓದಿ. ಮತ್ತೆ, "ಇಷ್ಟು ಹಣ ಕಟ್ಟಿ, ಸ್ಕಾಲರ್‌ಶಿಪ್ ಗ್ಯಾರಂಟಿ" ಅನ್ನುವವರ ಹತ್ತಿರ ಚಹಾ ಕುಡಿದು ಎದ್ದು ಬನ್ನಿ.

ಕೊನೆಯದಾಗಿ ಮತ್ತೆ ನಮ್ಮ ಮನೆಗೇ ಬರುತ್ತೇನೆ. ನಮ್ಮ ಅಕ್ಕನ ಮಗಳು ಈ ವರ್ಷ ಆ ಜಪಾನ್ ಪರೀಕ್ಷೆಗೆ ಅರ್ಜಿ ಹಾಕಿದಳು. ಅರ್ಜಿ ತುಂಬುವಾಗ ನಾನು ಇಲ್ಲಿಂದ ವಿಡಿಯೋ ಕಾಲ್‌ನಲ್ಲಿ, ಅವಳು ರಾಣೆಬೆನ್ನೂರಿನಲ್ಲಿ ಅಜ್ಜನ ಪಕ್ಕದಲ್ಲಿ. ಅಕ್ಕ ಭಾವ ಇಬ್ಬರಿಗೂ ರಜೆ ಸಿಗಲಿಲ್ಲ. ಪರೀಕ್ಷೆಗೆ ಕರೆದುಕೊಂಡು ಹೋದದ್ದು ನಮ್ಮಪ್ಪ. ಎಪ್ಪತ್ತೊಂದು ವರ್ಷ, ಮಂಡಿನೋವು. ಚಪಾತಿ, ಶೇಂಗಾ ಚಟ್ನಿ ಕಟ್ಟಿಕೊಂಡು ರಾತ್ರಿ ರೈಲಿನಲ್ಲಿ ಹೋಗಿ, ಅವಳು ಬರೆದು ಬರುವವರೆಗೆ ಗೇಟಿನ ಹೊರಗೆ ಕೂತಿದ್ದರು.

ಅವಳಿಗೆ ಸಿಗಲಿಲ್ಲ. ಇಲ್ಲೇ ಇಂಜಿನಿಯರಿಂಗ್ ಸೇರಿದ್ದಾಳೆ. ಗಣಿತದ ಪತ್ರಿಕೆ ಕಷ್ಟ ಇತ್ತು, ಜಪಾನಿ ಭಾಷೆಯದ್ದು ಬಹುಪಾಲು ಖಾಲಿ ಬಿಟ್ಟೆ ಅಂದಳು. ಈಗ ಭಾನುವಾರದ ಜಪಾನಿ ಕ್ಲಾಸಿಗೆ ಹೋಗುತ್ತಿದ್ದಾಳೆ, ಎಂ.ಟೆಕ್.ಗೆ ಮತ್ತೆ ಪ್ರಯತ್ನ ಮಾಡುತ್ತಾಳಂತೆ. ಫಲಿತಾಂಶ ಬಂದ ದಿನ ನಾನು ಅಪ್ಪನಿಗೆ ಫೋನ್ ಮಾಡಿದೆ, ಬೇಜಾರಾಗಿರುತ್ತಾರೆ ಅಂತ. ಅಪ್ಪ ಹೇಳಿದರು, "ಬೇಜಾರೇನಿಲ್ಲ ಬಿಡು. ಈ ಸಲ ಕೇಳಿದ್ವಲ್ಲ."

ನೀವೂ ಕೇಳಿ. ನಿಮ್ಮ ಮಗಳಿಗಾಗಿ ಮಾತ್ರ ಅಲ್ಲ, ನಿಮ್ಮ ಮನೆಗೆ ಕೆಲಸಕ್ಕೆ ಬರುವವರ ಮಗಳಿಗಾಗಿ, ಊರಲ್ಲಿರುವ ಅಣ್ಣನ ಮಗಳಿಗಾಗಿಯೂ ಕೇಳಿ. ವೇದಿಕೆಯ ಅನುಮತಿ ಇದ್ದರೆ ಪ್ರತಿ ತಿಂಗಳ ಎರಡನೇ ಶನಿವಾರ ಸಂಜೆ ನಾನು ಸಂಘದ ಗ್ರಂಥಾಲಯದಲ್ಲಿ ಒಂದು ಗಂಟೆ ಕೂತಿರುತ್ತೇನೆ. ಯಾವ ಕಾಗದ ಬಂದರೂ ತನ್ನಿ, ಜೊತೆಗೆ ಕೂತು ಕೊನೆಯ ಸಾಲಿನವರೆಗೆ ಓದೋಣ. ಪೇಢೆ ಹಂಚುವುದು ಅದಾದಮೇಲೆ.